ಮುದಿ ಬೆಕ್ಕಿನ ಹಸಿ ಊಟ: ಏನು ಬದಲಿಸಬೇಕು, ಹೇಗೆ?

ಹತ್ತು ವರ್ಷ ದಾಟಿದ ಬೆಕ್ಕು ಪಶುವೈದ್ಯರ ಲೆಕ್ಕದಲ್ಲಿ ಮುದಿ ಬೆಕ್ಕು. ಅಲ್ಲಿಯವರೆಗೆ ಮನೆಯಲ್ಲೇ ಹಸಿ ಮಾಂಸ ಹದ ಮಾಡಿ ಕೊಡುತ್ತಿದ್ದವರೂ ಆಮೇಲೆ ಮಾಂಸ ಕಡಿಮೆ ಮಾಡಿ ಅನ್ನ ಕಲಸಲು ಶುರುಮಾಡುತ್ತಾರೆ. ವಯಸ್ಸಾದವರಿಗೆ ಗಂಜಿಯೇ ಲೇಸು ಎಂಬ ನಮ್ಮ ನಂಬಿಕೆ ಬೆಕ್ಕಿನ ಹೊಟ್ಟೆಗೆ ಒಗ್ಗದು. ಹನ್ನೆರಡರ ಆಸುಪಾಸಿನಿಂದ ಅನೇಕ ಬೆಕ್ಕುಗಳಿಗೆ ಪ್ರೋಟೀನ್, ಕೊಬ್ಬು ಮೊದಲಿನಷ್ಟು ಜೀರ್ಣವಾಗುವುದಿಲ್ಲ. ಬೆನ್ನು, ತೊಡೆ ಸೊರಗುತ್ತವೆ. ಕಾಯಿಲೆಯಿಲ್ಲದ ಮುದಿ ಬೆಕ್ಕಿಗೆ ಮಾಂಸ ತಗ್ಗಿಸಲೇಬಾರದು.

ಮೊದಲು ಪರೀಕ್ಷೆ. ತಟ್ಟೆ ಬದಲಿಸುವ ಮುನ್ನ ರಕ್ತ, ಮೂತ್ರ ಎರಡನ್ನೂ ಪರೀಕ್ಷೆ ಮಾಡಿಸಿ. ಕ್ರಿಯಾಟಿನಿನ್, ರಂಜಕ, ಕ್ಯಾಲ್ಸಿಯಂ, ಥೈರಾಯ್ಡ್, ಸಕ್ಕರೆ ನೋಡಲು ಹೇಳಿ. ಚೆನ್ನಾಗಿ ತಿಂದೂ ಬಡಕಲಾಗುತ್ತಿದ್ದರೆ ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆಯ ಶಂಕೆ. ನೀರು ಜಾಸ್ತಿ ಕುಡಿದು ಪದೇಪದೇ ಮೂತ್ರ ಮಾಡುತ್ತಿದ್ದರೆ ಮೂತ್ರಪಿಂಡದ್ದೂ ಇರಬಹುದು. ಮೂತ್ರಪಿಂಡದ ಕಾಯಿಲೆ ಖಚಿತವಾದರೆ ಈ ಲೇಖನವನ್ನು ಬದಿಗಿಟ್ಟು ವೈದ್ಯರು ಹೇಳಿದ ಆಹಾರಕ್ಕೇ ಹೋಗಿ.

ಮೂಳೆ ಬಿಡಿಸಿ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಬದಲಾವಣೆ ಇದು. ಸವೆದ ಹಲ್ಲಿಗೆ ಮೂಳೆ ಅಗಿಯುವುದು ಕಷ್ಟ, ಮಲಬದ್ಧತೆಯೂ ಕಾಡುತ್ತದೆ. ಜೊತೆಗೆ ಮೂಳೆಯಲ್ಲಿ ಕ್ಯಾಲ್ಸಿಯಂನಂತೆ ರಂಜಕವೂ ಧಾರಾಳ. ದಣಿದ ಮೂತ್ರಪಿಂಡಕ್ಕೆ ಅದೇ ಹೊರೆ. ಹಾಗೆಂದು ಬರೀ ಮಾಂಸ ಕೊಟ್ಟರೆ ಕ್ಯಾಲ್ಸಿಯಂ ಸಿಗದೆ ಬೆಕ್ಕಿನ ಸ್ವಂತ ಎಲುಬೇ ಸವೆಯುತ್ತದೆ. ಮೊಟ್ಟೆಯ ಚಿಪ್ಪಿನಲ್ಲಿ ಕ್ಯಾಲ್ಸಿಯಂ ಇದೆ, ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಚಿಪ್ಪನ್ನು ತೊಳೆದು, ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಮೈದಾದಷ್ಟು ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಒಂದು ಕಿಲೋ ಮೂಳೆರಹಿತ ಕೋಳಿ ಮಾಂಸಕ್ಕೆ ಸುಮಾರು 6 ಗ್ರಾಂ ಪುಡಿ ಸಾಕು. ಚಮಚದ ಅಂದಾಜು ಬೇಡ, ತೂಕ ಮಾಡಿ. ಮೂಳೆ, ಪುಡಿ ಎರಡನ್ನೂ ಒಟ್ಟಿಗೆ ಹಾಕಬೇಡಿ. ರಕ್ತದಲ್ಲಿ ಈಗಾಗಲೇ ಕ್ಯಾಲ್ಸಿಯಂ ಹೆಚ್ಚಿದ್ದರೆ ವೈದ್ಯರನ್ನು ಕೇಳದೆ ಈ ಪುಡಿಯನ್ನು ಮುಟ್ಟಲೇಬೇಡಿ.

ಟೌರಿನ್, ಲಿವರ್. ಟೌರಿನ್ ಕೊರತೆಯಿಂದ ಬೆಕ್ಕಿನ ಹೃದಯದ ಸ್ನಾಯು ದುರ್ಬಲವಾಗಿ ಹಿಗ್ಗುತ್ತದೆ ಎಂದು ಅಮೆರಿಕದ ಪಶುವೈದ್ಯ ಪಾಲ್ ಪಯಾನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿದರು. ಎದೆ ಭಾಗಕ್ಕಿಂತ ತೊಡೆ ಮಾಂಸ, ಕೋಳಿಯ ಗುಂಡಿಗೆ ಇದಕ್ಕೆ ಒಳ್ಳೆಯ ಮೂಲ. ಆದರೂ ಕಿಲೋಗೆ 2 ಗ್ರಾಂ ಟೌರಿನ್ ಪುಡಿ ಬೆರೆಸುವುದು ಕ್ಷೇಮ. ಲಿವರ್ ಕಿಲೋಗೆ 50 ಗ್ರಾಂ ದಾಟಬಾರದು. ಎ ಜೀವಸತ್ವ ಅತಿಯಾದರೆ ಕತ್ತಿನ ಮೂಳೆಗಳು ಬೆಸೆದು ಬೆಕ್ಕಿಗೆ ಮೈ ನೆಕ್ಕಿಕೊಳ್ಳಲೂ ಆಗದು. ಇ ಮತ್ತು ಬಿ ಜೀವಸತ್ವ, ಅಯೋಡಿನ್ ಎಷ್ಟು ಬೇಕೆಂದು ವೈದ್ಯರಿಂದಲೇ ಬರೆಸಿಕೊಳ್ಳಿ.

ಹಸಿಯೋ, ಬೆಂದದ್ದೋ? ಮುದಿ ಬೆಕ್ಕಿಗೆ ಬೇಯಿಸಿಯೇ ಕೊಡಿ ಎಂದು ನಾನು ಹೇಳುತ್ತೇನೆ. ಹಸಿ ಊಟದ ಅಭಿಮಾನಿಗಳು ಮುನಿಸಿಕೊಂಡರೂ ಸರಿ. 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕು ಬೆಕ್ಕುಗಳಿಗೆ ಹಕ್ಕಿಜ್ವರ ತಗುಲಿತ್ತು. ಆಗಲೇ ನಮ್ಮ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳ ಕೋಳಿಗಳಲ್ಲೂ ಅದು ಕಂಡಿತ್ತು. ಫ್ರೀಜರ್‌ನಲ್ಲಿಟ್ಟರೆ ಈ ವೈರಸ್ ಆಗಲಿ, ಸಾಲ್ಮೊನೆಲ್ಲಾ ಆಗಲಿ ಸಾಯುವುದಿಲ್ಲ. ಮನೆಯಲ್ಲಿ ಬಸುರಿ, ಎಳೆಮಗು ಇದ್ದರಂತೂ ಹಸಿ ಮಾಂಸದ ಮಾತೇ ಬೇಡ. ಮೂಳೆ ಬಿಡಿಸಿದ ಮಾಂಸವನ್ನು ಸ್ವಲ್ಪವೇ ನೀರಿನಲ್ಲಿ ಒಳಗೆ ಕೆಂಪು ಉಳಿಯದಂತೆ ಬೇಯಿಸಿ. ಟೌರಿನ್ ನೀರಿಗೆ ಇಳಿಯುವುದರಿಂದ ಆ ರಸವನ್ನು ಚೆಲ್ಲಬೇಡಿ. ಚಿಪ್ಪಿನ ಪುಡಿ, ಟೌರಿನ್ ಬೆರೆಸುವುದು ಆರಿದ ಮೇಲೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಅವು ಬಿದ್ದ ಸಾರನ್ನೂ ಹಾಕಬಾರದು.

ಬಡಿಸುವ ರೀತಿ. ಕೀಮಾದಷ್ಟು ಸಣ್ಣಗೆ ಮಾಡಿ, ಒಂದೆರಡು ಚಮಚ ನೀರು ಸೇರಿಸಿ, ಉಗುರುಬೆಚ್ಚಗೆ ಕೊಡಿ. ಮೂಗು ಮಂದವಾದ ಬೆಕ್ಕಿಗೆ ಫ್ರಿಜ್‌ನಿಂದ ತೆಗೆದ ತಣ್ಣನೆ ಊಟ ರುಚಿಸದು. ದಿನಕ್ಕೆ ನಾಲ್ಕೈದು ಸಣ್ಣ ಊಟ ಸಾಕು. ಹಳೆಯದರ ಜೊತೆ ಹೊಸದನ್ನು ಹತ್ತು ದಿನಗಳಲ್ಲಿ ನಿಧಾನವಾಗಿ ಹೆಚ್ಚಿಸಿ.

ವಾರಕ್ಕೊಮ್ಮೆ ತೂಕ ನೋಡಿ. 4 ಕಿಲೋ ಬೆಕ್ಕು 200 ಗ್ರಾಂ ಇಳಿದರೂ ವೈದ್ಯರಿಗೆ ತಿಳಿಸಿ. ಹೊಸ ಊಟ ಮೂಸಿ ಹೋದರೆ ‘ಹಸಿದಾಗ ತಿನ್ನುತ್ತೆ ಬಿಡು’ ಎಂದು ಹಟಕ್ಕೆ ಕೂರಬೇಡಿ, ಹಳೆಯದನ್ನೇ ಕೊಡಿ. ಎರಡು ಮೂರು ದಿನ ಉಪವಾಸ ಬಿದ್ದರೆ ಬೆಕ್ಕಿನ ಲಿವರ್‌ಗೆ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತು. ಒಂದು ದಿನ ಪೂರ್ತಿ ಏನೂ ತಿನ್ನಲಿಲ್ಲವೆಂದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.