ಕಡೆಯ ಮನೆಯ ಮಗು

ಮಕ್ಕಳ ಆರೋಗ್ಯವು ತಂದೆತಾಯಿಗಳ ಹೊಣೆಯೆಂದು ನಾವೆಲ್ಲರೂ ಒಪ್ಪುತ್ತೇವೆ. ಆದರೆ ಕೆಲವು ರೋಗಗಳು ಮನೆಯ ಹೊಸ್ತಿಲನ್ನೂ ಊರಿನ ಎಲ್ಲೆಯನ್ನೂ ದೇಶದ ಗಡಿಯನ್ನೂ ಲೆಕ್ಕಿಸುವದಿಲ್ಲ. ತಾಯಿಯು ಎಷ್ಟು ಜಾಗರೂಕಳಾಗಿದ್ದರೂ ನೆರೆಮನೆಯಿಂದ ಬರುವ ಅಂಟುರೋಗವನ್ನು ಒಬ್ಬಳೇ ತಡೆಯಲಾರಳು. ಒಂದು ದೇಶದ ಸ್ಥಿತಿಯೂ ಹಾಗೆಯೇ. ಇಂಥ ಸಂದರ್ಭದಲ್ಲಿ ನೆರೆಹೊರೆಯವರು ಕೂಡಿ ಮಾಡತಕ್ಕ ಕೆಲಸವೇನು, ಆ ಕೆಲಸದಲ್ಲಿ ಬಡವರ ಮಗುವಿಗೆ ಸಲ್ಲತಕ್ಕ ಸ್ಥಾನವೇನು ಎಂಬದನ್ನು ತಿಳಿಯುವದಕ್ಕಾಗಿ ಉತ್ತರ ಹಾಗೂ ದಕ್ಷಿಣ ಅಮೇರಿಕಾ ಖಂಡಗಳ ಚರಿತ್ರೆಯಿಂದ ಒಂದು ಪಾಠವನ್ನು ಇಲ್ಲಿ ವಿಚಾರಿಸುವೆವು.

ರೋಗದ ಸ್ವಭಾವ

ಪೋಲಿಯೊ ರೋಗದ ಬೀಜವು ಕೊಳೆಯಾದ ನೀರು, ಆಹಾರ, ಕೈಬೆರಳುಗಳ ಮೂಲಕ ಬಾಯಿಯನ್ನು ಹೊಕ್ಕು ಕರುಳಿನಲ್ಲಿ ಬೆಳೆಯುತ್ತದೆ. ಐದು ವರುಷದೊಳಗಿನ ಕೂಸುಗಳೇ ಹೆಚ್ಚಾಗಿ ಇದಕ್ಕೆ ಗುರಿಯಾಗುವವು. ಸೋಂಕು ತಗಲಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಕೈಕಾಲುಗಳ ಶಕ್ತಿ ಉಡುಗಿ ಶಾಶ್ವತವಾದ ಊನವುಂಟಾಗುತ್ತದೆ. ಉಳಿದವರಲ್ಲಿ ಬಹುಮಂದಿಗೆ ರೋಗ ಬಂದದ್ದೇ ತಿಳಿಯದು. ಆದರೂ ಅವರಿಂದ ಇತರರಿಗೆ ಅದು ಹಬ್ಬುತ್ತದೆ. ಆದದರಿಂದ ಒಂದು ಊರಿನಲ್ಲಿ ಒಂದು ಮಗು ಕುಂಟಾಯಿತೆಂದರೆ ರೋಗವು ಅಲ್ಲಿ ಅನೇಕರೊಳಗೆ ಮರೆಯಾಗಿ ಸಂಚರಿಸುತ್ತಿದೆ ಎಂದು ಅರ್ಥ. ಈ ರೋಗವನ್ನು ಗುಣಪಡಿಸುವ ಔಷಧವಿಲ್ಲ. ಮುಂಚಿತವಾಗಿ ಕೊಡುವ ಲಸಿಕೆಯೊಂದೇ ರಕ್ಷಣೆ.

ಒಂದೇ ಬೆಲೆ

ಅಮೇರಿಕಾ ಖಂಡಗಳ ದೇಶಗಳು 1902ರಲ್ಲಿಯೇ ಆರೋಗ್ಯದ ವಿಷಯವಾಗಿ ಒಂದು ಕೂಟವನ್ನು ಕಟ್ಟಿಕೊಂಡಿದ್ದವು. ಇದಕ್ಕೆ ಈಗ ಪಾನ್ ಅಮೇರಿಕನ್ ಆರೋಗ್ಯ ಸಂಸ್ಥೆ ಎಂದು ಹೆಸರು. ವಾಷಿಂಗ್ಟನ್ ನಗರವು ಇದರ ಮುಖ್ಯ ಸ್ಥಾನ. ಈ ಕೂಟದಲ್ಲಿ ಐಶ್ವರ್ಯವಂತ ದೇಶಗಳೂ ಇದ್ದವು, ಹೈತಿಯಂಥ ಕಡುಬಡ ದೇಶವೂ ಇದ್ದಿತು. ದೊಡ್ಡ ದೇಶವು ಲಸಿಕೆಯನ್ನು ಹೇರಳವಾಗಿ ಕೊಳ್ಳುವದರಿಂದ ಅದಕ್ಕೆ ಅಗ್ಗವಾಗಿ ದೊರೆಯುವದು. ಚಿಕ್ಕ ದೇಶವು ಸ್ವಲ್ಪ ಕೊಳ್ಳುವದರಿಂದ ಹೆಚ್ಚು ಬೆಲೆ ತೆರಬೇಕಾಗುವದು. ಹೀಗೆ ಬಡವನಿಗೇ ದುಬಾರಿಯಾಗುವ ಸಂತೆಯ ರೀತಿಯು ಮಕ್ಕಳ ಪ್ರಾಣದ ವಿಷಯದಲ್ಲಿಯೂ ನಡೆಯುತ್ತಿತ್ತು.

ಇದಕ್ಕೆ ಪರಿಹಾರವಾಗಿ 1977ರಲ್ಲಿ ಒಂದು ಆವರ್ತ ನಿಧಿಯನ್ನು ಸ್ಥಾಪಿಸಿ, 1979ರಲ್ಲಿ ಹತ್ತು ಲಕ್ಷ ಡಾಲರುಗಳ ಮೂಲಧನದಿಂದ ಅದನ್ನು ನಡೆಸತೊಡಗಿದರು. ಎಲ್ಲಾ ದೇಶಗಳ ಬೇಡಿಕೆಯನ್ನೂ ಒಟ್ಟುಗೂಡಿಸಿ ಸಂಸ್ಥೆಯೇ ಲಸಿಕೆಯನ್ನು ಕೊಳ್ಳುವದು. ಮೊದಲು ತಾನೇ ಹಣ ಕೊಡುವದು. ಲಸಿಕೆ ತಲಪಿದ 60 ದಿನಗಳೊಳಗೆ ಆ ದೇಶವು ಹಣವನ್ನು ತಿರುಗಿ ಸಲ್ಲಿಸುವದು. ಬಾವಿಯ ರಾಟೆಯ ಮೇಲೆ ಹಗ್ಗವು ಇಳಿದು ಏರುವಂತೆ ಅದೇ ಹಣವು ಹೋಗಿ ಬಂದು ಪುನಃ ಉಪಯೋಗವಾಗುತ್ತದೆ. ಇದರ ಮುಖ್ಯ ನಿಯಮವೇನೆಂದರೆ, ಒಂದು ಲಸಿಕೆಗೆ ಎಲ್ಲರಿಗೂ ಒಂದೇ ಬೆಲೆ. ಇದು ಭಿಕ್ಷೆಯಲ್ಲ, ಪ್ರತಿಯೊಂದು ದೇಶವೂ ತನ್ನ ಹಣವನ್ನು ತಾನೇ ತೆರುತ್ತದೆ. ಈಗ ನಾಲ್ವತ್ತಕ್ಕೂ ಹೆಚ್ಚು ದೇಶಗಳೂ ಪ್ರಾಂತಗಳೂ ಈ ನಿಧಿಯ ಮೂಲಕ ಲಸಿಕೆಯನ್ನು ಪಡೆಯುತ್ತವೆ.

ಯುದ್ಧದ ನಡುವೆ

1985ರ ಮೇ ತಿಂಗಳಲ್ಲಿ ಈ ಸಂಸ್ಥೆಯು 1990ರೊಳಗೆ ತನ್ನ ಖಂಡಗಳಿಂದ ಪೋಲಿಯೊವನ್ನು ನಿರ್ಮೂಲ ಮಾಡುವೆನೆಂದು ಸಾರಿತು. ಬ್ರೆಜಿಲ್ ದೇಶದವರಾದ ಡಾಕ್ಟರ್ ಸೀರೊ ಡಿ ಕ್ವಾಡ್ರೋಸ್ ಎಂಬವರು ಈ ಕಾರ್ಯವನ್ನು ನಡಿಸಿದರು. ಯೂನಿಸೆಫ್, ರೋಟರಿ, ಅಂತರ್-ಅಮೇರಿಕನ್ ಅಭಿವೃದ್ಧಿ ಬ್ಯಾಂಕು ಮೊದಲಾದವು ಕೈಗೂಡಿಸಿದವು. ಬ್ರೆಜಿಲ್ ದೇಶವು 1980ರಿಂದಲೇ ಗೊತ್ತುಮಾಡಿದ ದಿನದಲ್ಲಿ ದೇಶದ ಚಿಕ್ಕ ಮಕ್ಕಳೆಲ್ಲರಿಗೂ ಒಮ್ಮೆಗೇ ಲಸಿಕೆಯ ಹನಿಗಳನ್ನು ಕೊಡುವ ಪದ್ಧತಿಯನ್ನು ಹಿಡಿದಿತ್ತು. ಇತರ ದೇಶಗಳೂ ಇದನ್ನೇ ಅನುಸರಿಸಿದವು.

ಎಲ್ ಸಾಲ್ವಡೋರ್ ದೇಶದಲ್ಲಿ ಆಗ ಸರಕಾರಕ್ಕೂ ಬಂಡುಗಾರರಿಗೂ ಘೋರ ಯುದ್ಧವು ನಡೆಯುತ್ತಿತ್ತು. ಯೂನಿಸೆಫಿನ ಮುಖ್ಯಸ್ಥರಾದ ಜೇಮ್ಸ್ ಗ್ರಾಂಟ್ ಎಂಬವರ ಸೂಚನೆಯ ಮೇಲೆ, ಕ್ರೈಸ್ತ ಸಭೆಯ ಹಿರಿಯರು ಮಧ್ಯಸ್ಥರಾಗಿ ಎರಡು ಪಕ್ಷದವರೊಡನೆಯೂ ಮಾತಾಡಿದರು. ಅದರ ಫಲವಾಗಿ 1985ರಲ್ಲಿ ಮೂರು ದಿನ ಯುದ್ಧವು ನಿಂತಿತು. ಆ ದಿನಗಳಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಲಸಿಕೆಯ ಸ್ಥಳಗಳಿಗೆ ಬಂದರು. ಯುದ್ಧವು 1992ರಲ್ಲಿ ಮುಗಿಯುವ ತನಕ ಇಂಥ ಶಾಂತಿಯ ದಿನಗಳನ್ನು ವರುಷ ವರುಷವೂ ಆಚರಿಸಿದರು. ಬೇರೆ ಯಾವ ವಿಷಯದಲ್ಲಿಯೂ ಒಮ್ಮತಕ್ಕೆ ಬಾರದವರು ಮಕ್ಕಳ ವಿಷಯದಲ್ಲಿ ಬಂದರೆಂಬದು ನೆನಪಿನಲ್ಲಿಡತಕ್ಕ ಸಂಗತಿ.

ಕಡೆಯ ಮನೆ

ಹೀಗೆ ಬಹುಮಂದಿ ಮಕ್ಕಳಿಗೆ ಲಸಿಕೆ ದೊರೆಯಿತು. ಆದರೂ ರೋಗವು ಹೋಗಲಿಲ್ಲ. ಯಾಕಂದರೆ ದೇಶದ ಒಟ್ಟು ಲೆಕ್ಕವು ಚೆನ್ನಾಗಿ ಕಂಡರೂ ಅದರೊಳಗೆ ಬಡವರ ಕೇರಿಗಳೂ ದಾರಿಯಿಲ್ಲದ ಬೆಟ್ಟದ ಹಳ್ಳಿಗಳೂ ಅಡಗಿಹೋಗಿದ್ದವು. ನೂರರಲ್ಲಿ ತೊಂಬತ್ತು ಮಕ್ಕಳಿಗೆ ಲಸಿಕೆಯಾಯಿತೆಂದು ಸಂತೋಷಪಡುವವನು ಉಳಿದ ಹತ್ತು ಮಂದಿ ಯಾರೆಂದು ಕೇಳುವದಿಲ್ಲ. ಅವರು ಒಂದೇ ಕೇರಿಯವರಾಗಿದ್ದರೆ ರೋಗಕ್ಕೆ ಅಷ್ಟೇ ಸಾಕು.

ಇದನ್ನರಿತು ಕಾರ್ಯಕರ್ತರು ಒಂದೊಂದು ಜಿಲ್ಲೆಯ ಲೆಕ್ಕವನ್ನು ಬೇರೆಬೇರೆಯಾಗಿ ನೋಡಿ, ಹಿಂದುಳಿದ ಕಡೆಗಳಲ್ಲಿ ಮನೆಮನೆಗೆ ಹೋಗತೊಡಗಿದರು. ಸಾವಿರಾರು ಆರೋಗ್ಯ ಕೇಂದ್ರಗಳಿಂದ ವಾರಕ್ಕೊಮ್ಮೆ ವರದಿಯನ್ನು ತರಿಸಿದರು. ರೋಗಿಗಳಿಲ್ಲದಿದ್ದರೆ 'ಇಲ್ಲ' ಎಂದಾದರೂ ಬರೆದು ಕಳುಹಿಸಬೇಕಿತ್ತು; ಮೌನವನ್ನು ಆರೋಗ್ಯವೆಂದು ಎಣಿಸಲಿಲ್ಲ. 1991ರಲ್ಲಿ ಉಳಿದದ್ದು ಕೊಲಂಬಿಯಾ ದೇಶದಲ್ಲಿ 8 ಮಂದಿ, ಪೆರು ದೇಶದಲ್ಲಿ ಒಬ್ಬನು. ಪೆರುವಿನ ಜುನೀನ್ ಪ್ರಾಂತದ ಪಿಚನಾಕಿ ಎಂಬಲ್ಲಿ ಆ ವರುಷದ ಆಗಸ್ಟಿನಲ್ಲಿ ರೋಗಕ್ಕೀಡಾದ ಆ ಬಾಲಕನೇ ಅಮೇರಿಕಾ ಖಂಡಗಳಲ್ಲಿ ಹಳೆಯ ಪೋಲಿಯೊದ ಕಡೆಯ ರೋಗಿ. ಮೂರು ವರುಷ ಪರೀಕ್ಷಿಸಿದ ಬಳಿಕ 1994ರಲ್ಲಿ, ನೊಬೆಲ್ ಬಹುಮಾನ ಪಡೆದ ಫ್ರೆಡರಿಕ್ ರಾಬಿನ್ಸ್ ಎಂಬ ವಿಜ್ಞಾನಿಯ ಅಧ್ಯಕ್ಷತೆಯ ಮಂಡಲಿಯು ರೋಗವು ಅಲ್ಲಿಂದ ತೊಲಗಿತೆಂದು ಸಾರಿತು.

ಎಚ್ಚರ ತಪ್ಪಿದಾಗ

ಆದರೆ ಒಮ್ಮೆ ಗೆದ್ದದ್ದು ಎಂದೆಂದಿಗೂ ಗೆದ್ದದ್ದಲ್ಲ. ಬಾಯಿಗೆ ಹಾಕುವ ಲಸಿಕೆಯಲ್ಲಿ ಬಲಗುಂದಿಸಿದ ರೋಗಬೀಜವಿರುತ್ತದೆ. ಹೆಚ್ಚು ಮಂದಿ ಲಸಿಕೆ ಪಡೆಯದ ಸ್ಥಳದಲ್ಲಿ ಅದು ಬಹುಕಾಲ ಒಬ್ಬರಿಂದ ಒಬ್ಬರಿಗೆ ಹರಡಿದರೆ ಪುನಃ ಬಲಗೊಳ್ಳುವ ಸಂಭವವುಂಟು. 2000 ಮತ್ತು 2001ರಲ್ಲಿ ಹೈತಿ ಮತ್ತು ಡೊಮಿನಿಕನ್ ಗಣರಾಜ್ಯಗಳಲ್ಲಿ ಹೀಗೆಯೇ ಆಯಿತು. ಮತ್ತೆ ಎಲ್ಲಾ ಮಕ್ಕಳಿಗೂ ಲಸಿಕೆ ಕೊಟ್ಟ ಮೇಲೆಯೇ ಅದು ಅಡಗಿತು. ದಡಾರದ ಕಥೆಯೂ ಇಂಥದೇ. 2016ರಲ್ಲಿ ಅದು ಆ ಖಂಡಗಳಿಂದ ನಿರ್ಮೂಲವಾಯಿತೆಂದು ಸಾರಲ್ಪಟ್ಟಿತು. 2018ರಲ್ಲಿ ವೆನೆಜುವೆಲಾ ದೇಶದ ಸಂಕಷ್ಟದಿಂದ ಆ ಗೌರವವು ಹೋಯಿತು. 2024ರಲ್ಲಿ ತಿರುಗಿ ಬಂದಿತು. 2025ರ ನವೆಂಬರಿನಲ್ಲಿ ಕೆನಡಾ ದೇಶದ ರೋಗದಿಂದ ಪುನಃ ಹೋಯಿತು. ಐಶ್ವರ್ಯವು ತಾನಾಗಿ ಮಕ್ಕಳನ್ನು ಕಾಯುವದಿಲ್ಲವೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ನಮ್ಮ ಪಾಲು

ಆ ಖಂಡಗಳಲ್ಲಿ ಫಲಿಸಿದ ಪದ್ಧತಿಯೇ ನಮ್ಮ ದೇಶಕ್ಕೂ ಬಂದಿತು. 1995ರಿಂದ ನಡೆದ ಪಲ್ಸ್ ಪೋಲಿಯೊ ದಿನಗಳಲ್ಲಿ ಮಗುವಿನ ಬಾಯಿಗೆ ಎರಡು ಹನಿ ಹಾಕಿ ಕಿರುಬೆರಳಿಗೆ ಮಸಿ ಹಚ್ಚಿದ್ದನ್ನು ಈ ಪುಟಗಳನ್ನು ಓದುವ ಎಷ್ಟೋ ಮಂದಿ ತಾಯಂದಿರು ಬಲ್ಲರು. ಭಾರತದಲ್ಲಿ ಹಳೆಯ ಪೋಲಿಯೊದ ಕಡೆಯ ರೋಗಿಯು 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹಾವಡಾ ಜಿಲ್ಲೆಯಲ್ಲಿ ಕಂಡುಬಂದ ಒಂದು ಹೆಣ್ಣು ಮಗು. 2014ರ ಮಾರ್ಚ್ 27ರಂದು ಭಾರತವೂ ಸೇರಿದ 11 ದೇಶಗಳ ಆಗ್ನೇಯ ಏಷ್ಯಾ ವಲಯವು ಈ ರೋಗದಿಂದ ಮುಕ್ತವಾಯಿತೆಂದು ಪ್ರಕಟವಾಯಿತು.

ಈ ಚರಿತ್ರೆಯು ಕಲಿಸುವ ಪಾಠವು ಒಂದೇ. ಕಡೆಯ ಮನೆಯ ಮಗುವಿಗೆ ದೊರೆಯದ ಆರೋಗ್ಯವು ಮೊದಲನೆಯ ಮನೆಯ ಮಗುವಿಗೂ ಭದ್ರವಲ್ಲ. ಸಮಾನತೆಯು ಕೆಲಸವೆಲ್ಲಾ ಮುಗಿದ ಮೇಲೆ ಸೇರಿಸುವ ದಯೆಯಲ್ಲ. ಅದಿಲ್ಲದೆ ಕೆಲಸವೇ ಮುಗಿಯುವದಿಲ್ಲ.

ಆದದರಿಂದ ಪ್ರಿಯ ಪೂರ್ವ ವಿದ್ಯಾರ್ಥಿನಿಯರೇ, ಮಾತಾಪಿತೃಗಳೇ, ನಮ್ಮ ಮಕ್ಕಳ ಲಸಿಕೆಯ ಚೀಟಿಯನ್ನು ಜೋಪಾನವಾಗಿಟ್ಟು ತಕ್ಕ ಕಾಲದಲ್ಲಿ ಲಸಿಕೆ ಹಾಕಿಸೋಣ. ಅಷ್ಟಕ್ಕೇ ನಿಲ್ಲದೆ, ನಮ್ಮ ಮನೆಯಲ್ಲಿ ಪಾತ್ರೆ ತಿಕ್ಕುವವಳ ಮಗುವಿಗೆ ಲಸಿಕೆಯಾಗಿದೆಯೇ, ನೆರೆಯಲ್ಲಿ ಮನೆ ಕಟ್ಟಲು ದೂರದಿಂದ ಬಂದು ಗುಡಿಸಲಲ್ಲಿರುವವರ ಕೂಸುಗಳ ಹೆಸರು ಯಾವ ಪಟ್ಟಿಯಲ್ಲಾದರೂ ಇದೆಯೇ ಎಂದು ವಿಚಾರಿಸೋಣ. ಇಲ್ಲವೆಂದು ತಿಳಿದರೆ ಆ ತಾಯಿಗೆ ಅರ್ಧ ದಿನದ ಬಿಡುವನ್ನು ಕೊಟ್ಟು, ಆರೋಗ್ಯ ಕೇಂದ್ರದ ದಾರಿಯನ್ನು ತೋರಿಸೋಣ. ಅಮೇರಿಕಾ ಖಂಡಗಳ ದೇಶಗಳೆಲ್ಲಾ ಕೂಡಿ ಮಾಡಿದ ಕೆಲಸವು ಕಟ್ಟಕಡೆಗೆ ಇಂಥ ಒಂದೊಂದು ಬಾಗಿಲನ್ನು ತಟ್ಟಿದ್ದರಿಂದಲೇ ಕೈಗೂಡಿತು.