ಹೋಟೆಲಿನ ಬೆಂಚು

ಊರೆಂದ ಮೇಲೆ ಅಲ್ಲಿ ಒಂದು ಗುಡಿ, ಒಂದು ಕೆರೆ, ಒಂದು ಶಾಲೆ, ಒಂದು ಸಂತೆಯ ಮಾಳ ಇರುತ್ತವೆ. ಊರು ಸ್ವಲ್ಪ ಬೆಳೆದು ಹೋಬಳಿಯೋ ತಾಲ್ಲೂಕು ಕೇಂದ್ರವೋ ಆಯಿತೆಂದರೆ ಈ ಪಟ್ಟಿಗೆ ಹೋಟೆಲೂ ಸೇರುತ್ತದೆ. ಗುಡಿಯ ಚರಿತ್ರೆಯನ್ನು ಶಾಸನಗಳು ಹೇಳುತ್ತವೆ. ಕೆರೆಯನ್ನು ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿರುತ್ತದೆ. ಹೋಟೆಲಿನ ಚರಿತ್ರೆಯನ್ನು ಬರೆದಿಟ್ಟವರು ಕಡಮೆ. ಆದರೂ ಕಳೆದ ನೂರು ವರ್ಷಗಳಲ್ಲಿ ನಮ್ಮ ಜನಜೀವನದಲ್ಲಿ ಆದ ಒಂದು ದೊಡ್ಡ ಬದಲಾವಣೆಯನ್ನು ಅರಿಯಬೇಕಾದರೆ ಹೊಗೆ ಹಿಡಿದ ಆ ಗೋಡೆಗಳ ನಡುವೆಯೇ ಹುಡುಕಬೇಕು. ಹಿಂದೆ ಮುಂದೆ ಅರಿಯದ ಜನರು ಒಂದೇ ಬೆಂಚಿನ ಮೇಲೆ ಕುಳಿತು, ಒಂದೇ ಒಲೆಯ ಅಡಿಗೆಯನ್ನು ಉಣ್ಣುವ ಪಾಠವನ್ನು ನಮ್ಮ ನಾಡಿನ ಸಣ್ಣ ಊರುಗಳು ಕಲಿತದ್ದು ಬಹುಮಟ್ಟಿಗೆ ಅಲ್ಲಿಯೇ.

ಹಿಂದೆ ಪ್ರಯಾಣ ಹೊರಟವರು ಬುತ್ತಿ ಕಟ್ಟಿಕೊಂಡೇ ಹೊರಡುತ್ತಿದ್ದರು. ಬಯಲುಸೀಮೆಯವರ ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಹಳೆಯ ಮೈಸೂರು ಸೀಮೆಯವರ ಗಂಟಿನಲ್ಲಿ ಹುರಿಹಿಟ್ಟು, ಬುತ್ತಿಯನ್ನ. ಕರಾವಳಿಯವರ ಗಂಟಿನಲ್ಲಿ ಅವಲಕ್ಕಿ. ದಾರಿಯಲ್ಲಿ ನೀರಡಿಕೆಗೆ ಅರವಟ್ಟಿಗೆಗಳಿದ್ದವು, ತಂಗುವುದಕ್ಕೆ ಛತ್ರಗಳಿದ್ದವು. ಅನ್ನವನ್ನು ಮಾರುವುದು ಪಾಪವೆಂಬ ನಂಬಿಕೆ ಜನರಲ್ಲಿ ಬಲವಾಗಿತ್ತು. ಹಸಿದು ಬಂದವನಿಗೆ ಉಣಬಡಿಸಬೇಕು, ಅದಕ್ಕೆ ಬೆಲೆ ಕಟ್ಟಬಾರದು ಎಂಬುದು ಉದಾತ್ತವಾದ ಭಾವನೆಯೇ ಸರಿ. ಆದರೆ ಅನೇಕ ಛತ್ರಗಳಲ್ಲಿ ಅನ್ನಕ್ಕೆ ಬೆಲೆಯಿರಲಿಲ್ಲವಾದರೂ ಪಂಕ್ತಿಗೆ ಭೇದವಿತ್ತು. ಯಾರು ಎಲ್ಲಿ ಕೂರಬೇಕು, ಯಾರಿಗೆ ಮೊದಲು ಬಡಿಸಬೇಕು, ಯಾರು ಅಂಗಳದಲ್ಲಿಯೇ ನಿಲ್ಲಬೇಕು ಎಂಬುದನ್ನು ಹುಟ್ಟು ನಿರ್ಣಯಿಸುತ್ತಿತ್ತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ದಾಸೋಹವೆಂಬ ತತ್ತ್ವದ ಮೂಲಕ ಈ ಭೇದವನ್ನು ಅಳಿಸಲು ಹೊರಟರು. ಅವರ ಆಶಯ ದೊಡ್ಡದು. ಸಮಾಜ ಅದನ್ನು ಪೂರ್ಣವಾಗಿ ಅರಗಿಸಿಕೊಳ್ಳಲಿಲ್ಲ.

ಮುಂದೆ ರೈಲು ಬಂದಿತು, ಮೋಟಾರು ಬಸ್ಸು ಬಂದಿತು. ತಾಲ್ಲೂಕು ಕಚೇರಿ, ನ್ಯಾಯಾಲಯ, ಪ್ರೌಢಶಾಲೆ, ಆಸ್ಪತ್ರೆಗಳು ತಲೆಯೆತ್ತಿದವು. ಕಂದಾಯ ಕಟ್ಟಲು ಬಂದ ರೈತ, ವ್ಯಾಜ್ಯಕ್ಕೆ ಬಂದ ಕಕ್ಷಿಗಾರ, ಸಂತೆಗೆ ಬಂದ ವ್ಯಾಪಾರಿ ಇವರೆಲ್ಲ ಬೆಳಗಿನಿಂದ ಸಂಜೆಯವರೆಗೆ ಊರಿನಲ್ಲಿ ಕಾಲ ಕಳೆಯಬೇಕಾಯಿತು. ಇದೇ ಕಾಲಕ್ಕೆ ಕಾಫಿಯ ರುಚಿಯೂ ಜನರಿಗೆ ಹತ್ತಿತು. ಹೀಗೆ ಹೋಟೆಲಿನ ಉದ್ಯಮಕ್ಕೆ ನೆಲ ಹದವಾಯಿತು.

ಈ ನೆಲದಲ್ಲಿ ಬೀಜ ಬಿತ್ತಿದವರಲ್ಲಿ ಕರಾವಳಿಯವರು ಮುಖ್ಯರು. ಉಡುಪಿಯ ಕೃಷ್ಣಮಠದಲ್ಲಿ ಎರಡು ವರ್ಷಗಳಿಗೊಮ್ಮೆ ಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಪರ್ಯಾಯೋತ್ಸವ ನಡೆಯುತ್ತದೆ. ಆಗ ಸಾವಿರಾರು ಜನರಿಗೆ ಅಡಿಗೆಯಾಗಬೇಕು. ಇಂಥ ದೊಡ್ಡ ಅಡಿಗೆಯ ಪರಂಪರೆಯ ನಡುವೆ ಬೆಳೆದವರು ಬದುಕನ್ನರಸಿ ಘಟ್ಟವನ್ನು ಹತ್ತಿದರು. ಕೈಯಲ್ಲಿ ಹಣವಿರಲಿಲ್ಲ; ಸೌಟು ಹಿಡಿಯುವ ವಿದ್ಯೆಯಿತ್ತು. ಕೃಷ್ಣರಾಯರು ಅಂದಿನ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಕಟ್ಟಿ ಉಡುಪಿಯ ಅಡಿಗೆಗೆ ದೇಶದಲ್ಲೆಲ್ಲ ಹೆಸರು ತಂದರು. ಬೆಂಗಳೂರಿನಲ್ಲಿ 1924ರಲ್ಲಿ ಮಯ್ಯ ಸೋದರರು ಪ್ರಾರಂಭಿಸಿದ ಕಾಫಿ ಕ್ಲಬ್ಬು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಪ್ರಸಿದ್ಧವಾಯಿತು. ಇವು ದೊಡ್ಡ ನಗರಗಳ ಕಥೆಗಳು. ಹೆಸರಿಲ್ಲದ ನೂರಾರು ಮಂದಿ ಸಣ್ಣ ಸಣ್ಣ ಊರುಗಳ ಬಸ್ ನಿಲ್ದಾಣಗಳ ಎದುರಿಗೆ ಒಲೆ ಹೂಡಿ ನೆಲಸಿದರು. ನಾಡಿನ ಯಾವ ಮೂಲೆಗೆ ಹೋದರೂ ‘ಉಡುಪಿ ಶ್ರೀಕೃಷ್ಣ ಭವನ’ ಎಂಬ ಫಲಕ ಕಾಣುವುದಕ್ಕೆ ಇದೇ ಕಾರಣ.

ಸಣ್ಣ ಊರಿನಲ್ಲಿ ಉಣ್ಣುವ ತಾಣಗಳು ಒಂದೇ ಬಗೆಯವಲ್ಲ. ಹುಬ್ಬಳ್ಳಿ, ಗದಗ, ವಿಜಯಪುರಗಳ ಕಡೆಗೆ ಹೋದರೆ ಖಾನಾವಳಿಗಳನ್ನು ಕಾಣುತ್ತೇವೆ. ಎಷ್ಟೋ ಖಾನಾವಳಿಗಳು ಮನೆಯ ಮುಂದಿನ ಪಡಸಾಲೆಯಲ್ಲಿಯೇ ನಡೆಯುತ್ತವೆ. ಒಳಗೆ ಹೆಂಗಸರು ರೊಟ್ಟಿ ಬಡಿಯುವ ಸದ್ದು ತಾಳದಂತೆ ಕೇಳಿಬರುತ್ತಿರುತ್ತದೆ. ತಟ್ಟೆಗೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಗಟ್ಟಿ ಮೊಸರು, ಚಟ್ನಿಪುಡಿ ಬರುತ್ತವೆ. ಗಂಡನನ್ನು ಕಳೆದುಕೊಂಡ ತಾಯಂದಿರು ಖಾನಾವಳಿ ನಡೆಸಿ ಮಕ್ಕಳನ್ನು ಓದಿಸಿದ ನಿದರ್ಶನಗಳು ಆ ಸೀಮೆಯಲ್ಲಿ ಅಪರೂಪವಲ್ಲ. ಮಂಡ್ಯ, ಹಾಸನ, ತುಮಕೂರುಗಳ ಕಡೆಗೆ ಬಂದರೆ ರಾಗಿಮುದ್ದೆ, ಮಾಂಸದ ಸಾರು ಬಡಿಸುವ ಮಿಲಿಟರಿ ಹೋಟೆಲುಗಳಿವೆ. ದಾವಣಗೆರೆಯ ಸುತ್ತಮುತ್ತ ಸಂಜೆಯಾದರೆ ಮಂಡಕ್ಕಿ, ಮೆಣಸಿನಕಾಯಿ ಬೋಂಡದ ಅಂಗಡಿಗಳ ಮುಂದೆ ಜನ ಸೇರುತ್ತಾರೆ. ಕೆಲವು ಊರುಗಳ ಹೆಸರು ತಿಂಡಿಯೊಡನೆಯೇ ಬೆರೆತುಹೋಗಿದೆ. ಮದ್ದೂರು ಎಂದರೆ ವಡೆ, ಬಿಡದಿ ಎಂದರೆ ತಟ್ಟೆ ಇಡ್ಲಿ, ಮೇಲುಕೋಟೆ ಎಂದರೆ ಪುಳಿಯೋಗರೆ, ಗೋಕಾಕ ಎಂದರೆ ಕರದಂಟು ನೆನಪಿಗೆ ಬರುತ್ತವೆ. ಆಯಾ ಸೀಮೆಯ ಬೆಳೆಯೂ ಹವೆಯೂ ಜನರ ದುಡಿಮೆಯೂ ಕೂಡಿ ಆ ರುಚಿಯನ್ನು ರೂಪಿಸಿವೆ.

ಊರು ಏಳುವ ಮುನ್ನ ಹೋಟೆಲು ಏಳುತ್ತದೆ. ಇಡ್ಲಿಗೆ ಬೇಕಾದ ಅಕ್ಕಿ, ಉದ್ದುಗಳನ್ನು ಹಿಂದಿನ ದಿನವೇ ನೆನೆಹಾಕಿ, ರುಬ್ಬಿ, ಇರುಳೆಲ್ಲ ಹುದುಗಲು ಬಿಟ್ಟಿರುತ್ತಾರೆ. ಬೆಳಗಿನ ನಾಲ್ಕು ಗಂಟೆಗೆ ಒಲೆ ಉರಿಯತೊಡಗುತ್ತದೆ. ಮೊದಲ ಬಸ್ಸಿನ ಚಾಲಕ, ಹಾಲು ತಂದವನು, ಪತ್ರಿಕೆ ಹಂಚುವ ಹುಡುಗ ಇವರು ಮೊದಲ ಗಿರಾಕಿಗಳು. ಹೊತ್ತೇರಿದಂತೆ ಬೆಂಚುಗಳು ತುಂಬುತ್ತವೆ. ಬಡಿಸುವವನು ಹತ್ತು ಮಂದಿ ಹೇಳಿದ್ದನ್ನು ಚೀಟಿಯಿಲ್ಲದೆ ನೆನಪಿಟ್ಟು, ಅಡಿಗೆಮನೆಯ ಕಡೆಗೆ ರಾಗವಾಗಿ ಕೂಗುತ್ತಾನೆ. ಗಿರಾಕಿ ಕೈತೊಳೆದು ಗಲ್ಲಾದ ಬಳಿಗೆ ಬರುವ ಹೊತ್ತಿಗೆ ಅವನು ತಿಂದುದರ ಲೆಕ್ಕ ಅವನಿಗಿಂತ ಮೊದಲೇ ಅಲ್ಲಿಗೆ ತಲಪಿರುತ್ತದೆ. ಇಬ್ಬರು ಗೆಳೆಯರು ಬಂದು ‘ಬೈ ಟೂ ಕಾಫಿ’ ಎಂದರೆ ಒಂದೇ ಕಾಫಿ ಎರಡು ಲೋಟಗಳಲ್ಲಿ ಬರುತ್ತದೆ. ಕಾಸು ಕಡಮೆಯಿದ್ದಾಗ ಸ್ನೇಹವನ್ನು ಕಡಮೆ ಮಾಡಿಕೊಳ್ಳದೆ ಹಂಚಿಕೊಳ್ಳುವ ಈ ಪದ್ಧತಿ ನಮ್ಮ ಹೋಟೆಲುಗಳ ಒಂದು ಚೆಲುವಾದ ಸಂಪ್ರದಾಯ.

ಆದರೆ ಹಂಚಿಕೊಳ್ಳುವ ಈ ಮನಸ್ಸು ಮೊದಲಿನಿಂದಲೂ ಎಲ್ಲರಿಗೂ ತೆರೆದಿತ್ತೆಂದು ಭಾವಿಸಬಾರದು. ಹಳೆಯ ಹೋಟೆಲುಗಳಲ್ಲಿ ಹಲವು, ಛತ್ರದ ಪಂಕ್ತಿಭೇದವನ್ನೇ ತಮ್ಮ ಒಳಗೂ ತಂದುಕೊಂಡಿದ್ದವು. ಜಾತಿಯ ಹೆಸರನ್ನು ಹೊತ್ತ ಫಲಕಗಳು ಹೊರಗೆ. ಮೇಲಿನ ಜಾತಿಯವರಿಗೆಂದು ಮೀಸಲಾದ ಕೋಣೆಗಳು ಒಳಗೆ. ಅಸ್ಪೃಶ್ಯರೆಂದು ಸಮಾಜವು ದೂರವಿಟ್ಟಿದ್ದವರಿಗಂತೂ ಹೊಸ್ತಿಲೇ ಗಡಿ. ನಾನು ಬಾಲಕನಾಗಿದ್ದಾಗ, 1970ರ ಸುಮಾರಿನಲ್ಲಿ, ನಮ್ಮ ಕಡೆಯ ಒಂದು ಚಹದ ಅಂಗಡಿಯ ಹೊರಗೋಡೆಯಲ್ಲಿ ಒಂದು ಗೂಡು ಇತ್ತು. ಅದರಲ್ಲಿ ನಾಲ್ಕಾರು ಗಾಜಿನ ಲೋಟಗಳು ಬೋರಲಾಗಿರುತ್ತಿದ್ದವು. ಸಂತೆಯ ದಿನ ಮೂಟೆ ಹೊತ್ತು ದಣಿದ ಒಬ್ಬ ಹಿರಿಯರು ಬಂದು, ಆ ಗೂಡಿನಿಂದ ಒಂದು ಲೋಟವನ್ನು ತಾವೇ ತೆಗೆದು ತೊಳೆದು ಮುಂದೆ ಹಿಡಿಯುತ್ತಿದ್ದರು. ಅಂಗಡಿಯವನು ಮೇಲಿನಿಂದ ಚಹವನ್ನು ಸುರಿಯುತ್ತಿದ್ದನು. ಅವರು ಬಿಸಿಲಿನಲ್ಲಿ ನಿಂತೇ ಕುಡಿದು, ಲೋಟವನ್ನು ತಾವೇ ತೊಳೆದು ಗೂಡಿನಲ್ಲಿಟ್ಟು, ಕಾಸನ್ನು ಹಲಗೆಯ ಮೇಲೆ ಇಡುತ್ತಿದ್ದರು. ಅಂಗಡಿಯವನು ಆ ಕಾಸನ್ನು ಎತ್ತಿ ಎಲ್ಲರ ಕಾಸಿನೊಡನೆ ಹಾಕುತ್ತಿದ್ದನು. ಲೋಟ ಬೇರೆ, ಗಲ್ಲಾಪೆಟ್ಟಿಗೆ ಒಂದೇ!

ಈ ಅನ್ಯಾಯ ಆ ವೇಳೆಗಾಗಲೇ ಕಾನೂನಿನ ದೃಷ್ಟಿಯಲ್ಲಿ ಅಪರಾಧವಾಗಿತ್ತು ಎಂಬುದನ್ನು ನೀವು ಗಮನಿಸಬೇಕು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ಅನುಚ್ಛೇದ, ಧರ್ಮ, ಜಾತಿ, ಲಿಂಗ, ಜನ್ಮಸ್ಥಳ ಮೊದಲಾದ ಕಾರಣಗಳಿಂದ ಯಾವ ಪೌರನಿಗೂ ಅಂಗಡಿ, ಹೋಟೆಲು ಮುಂತಾದವುಗಳ ಪ್ರವೇಶವನ್ನು ತಡೆಯಬಾರದೆಂದು ಹೇಳುತ್ತದೆ. 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನೇ ರದ್ದುಗೊಳಿಸಿದೆ. ಸ್ವತಂತ್ರ ರಾಷ್ಟ್ರವೊಂದರ ಮೂಲ ಶಾಸನದಲ್ಲಿ, ಮತದಾನ, ಸಂಸತ್ತು, ನ್ಯಾಯಾಂಗಗಳ ಜೊತೆಯಲ್ಲಿ ಹೋಟೆಲಿನ ಹೆಸರೂ ಬಂದಿರುವುದು ಆಕಸ್ಮಿಕವಲ್ಲ. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಡಾ. ಬಿ. ಆರ್. ಅಂಬೇಡ್ಕರ್ ಅವರು ನೀರಿಗೂ ನೆರಳಿಗೂ ಜಾತಿ ಅಡ್ಡ ಬರುವುದನ್ನು ಸ್ವತಃ ಅನುಭವಿಸಿದ್ದರು. ದಿನನಿತ್ಯದ ಬದುಕಿನಲ್ಲಿ ಸಮಾನತೆ ದೊರೆಯದಿದ್ದರೆ ಕಾಗದದ ಮೇಲಿನ ಸಮಾನತೆ ಟೊಳ್ಳೆಂಬುದು ಅವರಿಗೆ ತಿಳಿದಿತ್ತು.

ಸಂವಿಧಾನದ ಈ ಆಶಯವನ್ನು ಕಾರ್ಯಗತಗೊಳಿಸಲು 1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳ ಅಧಿನಿಯಮ ಬಂದಿತು. 1976ರಲ್ಲಿ ಅದನ್ನು ಬಿಗಿಗೊಳಿಸಿ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮವೆಂದು ಹೆಸರಿಸಲಾಯಿತು. ಅದರಲ್ಲಿ ಹೋಟೆಲಿನ ಪ್ರವೇಶವನ್ನು ಹೇಳಿ ಸುಮ್ಮನಾಗಿಲ್ಲ. ಹೋಟೆಲು, ಧರ್ಮಶಾಲೆಗಳಲ್ಲಿ ಸಾರ್ವಜನಿಕರಿಗಾಗಿ ಇಟ್ಟಿರುವ ಪಾತ್ರೆಗಳನ್ನು ಬಳಸುವ ಹಕ್ಕನ್ನೂ ಬಿಡಿಸಿ ಹೇಳಿದೆ. ಕಾನೂನನ್ನು ರಚಿಸಿದವರ ಕಣ್ಣು ಗೋಡೆಯ ಗೂಡಿನಲ್ಲಿದ್ದ ಆ ಲೋಟದವರೆಗೂ ಹೋಗಿತ್ತು!

ಕಾನೂನು ಬಾಗಿಲನ್ನು ತೆರೆಯಿತು. ಒಳಗೆ ಕಾಲಿಡಲು ಧೈರ್ಯ ಬೇಕಾಗಿತ್ತು. ಅನೇಕ ಊರುಗಳಲ್ಲಿ ಓದು ಕಲಿತ ತರುಣರು ಹೋಟೆಲಿನ ಒಳಗೆ ಹೋಗಿ ಕುಳಿತು, ಎಲ್ಲರಂತೆ ತಮಗೂ ಬಡಿಸಬೇಕೆಂದು ಕೇಳಿದರು. ಅವರು ಬಯ್ಗುಳವನ್ನೂ ಕೆಲವೊಮ್ಮೆ ಪೆಟ್ಟನ್ನೂ ಸಹಿಸಬೇಕಾಯಿತು. ಬಸ್ಸಿನ ಸಂಚಾರವೂ ಈ ಬದಲಾವಣೆಗೆ ನೆರವಾಯಿತು. ಐದು ನಿಮಿಷ ನಿಲ್ಲುವ ಬಸ್ಸಿನಿಂದ ಇಳಿದು ಬಂದ ಐವತ್ತು ಮಂದಿಯ ಕುಲವನ್ನು ವಿಚಾರಿಸುವ ಬಿಡುವು ಯಾವ ಹೋಟೆಲಿನವನಿಗೆ ಇದ್ದೀತು? ಹೀಗೆ ಕೆಲವರ ಸಾಹಸ, ಕಾನೂನಿನ ಬಲ, ಕಾಲದ ಅವಸರ ಮೂರೂ ಸೇರಿ ಬೆಂಚು ಎಲ್ಲರದಾಗತೊಡಗಿತು. ಪೂರ್ತಿಯಾಗಿ ಆಗಿದೆಯೆ? ಇಲ್ಲ. ಪ್ರತ್ಯೇಕ ಲೋಟದ ಸುದ್ದಿ ಅಲ್ಲೊಂದು ಇಲ್ಲೊಂದು ಹಳ್ಳಿಯಿಂದ ಈಗಲೂ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಓದಿ ಮುಂದಿನ ಪುಟಕ್ಕೆ ಹೋಗುವ ಸುದ್ದಿ ಅದಲ್ಲ.

ಬೆಂಚಿನಿಂದ ದೂರ ಉಳಿದಿದ್ದ ಇನ್ನೊಂದು ವರ್ಗ ಸ್ತ್ರೀಯರದು. ಮನೆತನದ ಹೆಣ್ಣುಮಕ್ಕಳು ಹೋಟೆಲಿಗೆ ಹೋಗುವುದು ತರವಲ್ಲವೆಂದು ಜನ ತಿಳಿದಿದ್ದರು. ಹೋದರೂ ಪರದೆ ಎಳೆದ ‘ಫ್ಯಾಮಿಲಿ ರೂಮಿ’ನಲ್ಲಿಯೇ ಕೂರಬೇಕಾಗಿತ್ತು. ಇಂದು ಕಾಲೇಜಿಗೆ ಹೋಗುವ ಹುಡುಗಿಯರೂ, ಕೂಲಿ ಮುಗಿಸಿ ಬಂದ ತಾಯಂದಿರೂ ಸಹಜವಾಗಿ ಬಂದು ಕುಳಿತು ತಿಂಡಿ ತಿನ್ನುತ್ತಾರೆ. ನೋಡುವವರಿಗೆ ಇದು ಸಣ್ಣ ಸಂಗತಿ. ಹಿಂದಿನದನ್ನು ಬಲ್ಲವರಿಗೆ ದೊಡ್ಡದು. ರಾಜ್ಯ ಸರ್ಕಾರವು 2017ರಲ್ಲಿ ಪ್ರಾರಂಭಿಸಿದ ಇಂದಿರಾ ಕ್ಯಾಂಟೀನುಗಳಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಎಂದು ಗೊತ್ತುಪಡಿಸಿದಾಗ, ಅಲ್ಲಿನ ಸಾಲಿನಲ್ಲಿ ಕಟ್ಟಡದ ಕೂಲಿಯವರೂ ವಿದ್ಯಾರ್ಥಿಗಳೂ ಒಬ್ಬರ ಹಿಂದೆ ಒಬ್ಬರು ನಿಂತರು. ಬಡತನವೂ ಬೆಂಚಿಗೆ ಅಡ್ಡಿಯಾಗಬಾರದಲ್ಲವೆ?

ಕೂರುವವರ ಮಾತಾಯಿತು, ಬಡಿಸುವವರ ಮಾತನ್ನೂ ಆಡಬೇಕು. ಒಂದು ಕಾಲದಲ್ಲಿ ಹೋಟೆಲಿನ ಮೇಜನ್ನು ಒರೆಸುತ್ತಿದ್ದವರು, ಲೋಟ ತೊಳೆಯುತ್ತಿದ್ದವರು ನಿಮ್ಮ ವಯಸ್ಸಿನ, ಅದಕ್ಕೂ ಕಿರಿಯ ವಯಸ್ಸಿನ ಹುಡುಗರು. ಮನೆಯ ಬಡತನ ತಾಳದೆ ಊರು ಬಿಟ್ಟು ಬಂದ ಅವರು ‘ಮಾಣಿ’ ಎಂಬ ಒಂದೇ ಹೆಸರಿಗೆ ಓಗೊಡುತ್ತ, ರಾತ್ರಿ ಅದೇ ಬೆಂಚಿನ ಮೇಲೆ ಮಲಗುತ್ತಿದ್ದರು. ಮುಂಬಯಿಯಂಥ ನಗರದಲ್ಲಿ ಇಂಥ ಹುಡುಗರಿಗಾಗಿ ಕನ್ನಡಿಗರು ರಾತ್ರಿ ಶಾಲೆಗಳನ್ನು ನಡೆಸಿದರು. ಹಗಲು ಲೋಟ ತೊಳೆದು ಇರುಳು ಅಕ್ಷರ ಕಲಿತು ಮೇಲೆ ಬಂದವರು ಉಂಟು. ಕಲಿಯಲಾಗದೆ ಉಳಿದವರು ಅವರಿಗಿಂತ ಹೆಚ್ಚು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷಕ್ಕಿಂತ ಕಿರಿಯ ಮಕ್ಕಳನ್ನು ಹೋಟೆಲು, ಚಹದಂಗಡಿಗಳಲ್ಲಿ ದುಡಿಸುವುದನ್ನು ನಿಷೇಧಿಸಲಾಗಿದೆ. ಆ ವಯಸ್ಸಿನ ಮಗುವಿನ ಸ್ಥಾನ ಅಡಿಗೆಮನೆಯ ತೊಟ್ಟಿಯ ಬಳಿಯಲ್ಲ, ಶಾಲೆಯ ಬೆಂಚಿನ ಮೇಲೆ.

ವಿದ್ಯಾರ್ಥಿಗಳೇ, ಮುಂದಿನ ಸಲ ನಿಮ್ಮೂರಿನ ಹೋಟೆಲಿಗೆ ಹೋದಾಗ ದೋಸೆಯ ರುಚಿಯನ್ನು ಸವಿಯಿರಿ; ಅದು ನಿಮ್ಮ ಹಕ್ಕು. ಜೊತೆಗೆ ಸುತ್ತಲೂ ಒಮ್ಮೆ ಕಣ್ಣಾಡಿಸಿರಿ. ಎದುರಿಗೆ ಕುಳಿತವರು ಯಾರೋ ನಿಮಗೆ ಗೊತ್ತಿರುವುದಿಲ್ಲ. ಗೊತ್ತುಮಾಡಿಕೊಳ್ಳುವ ಅಗತ್ಯವೂ ಇಲ್ಲ. ಅವರಿಗೆ ಕೊಂಚ ಸರಿದು ಜಾಗ ಕೊಡಿರಿ. ಬಡಿಸುವವರನ್ನು ಗೌರವದಿಂದ ಮಾತನಾಡಿಸಿರಿ. ತಟ್ಟೆಯಲ್ಲಿ ಅನ್ನವನ್ನು ಬಿಡಬೇಡಿರಿ. ಎಲ್ಲಿಯಾದರೂ ಒಂದು ಲೋಟ ಗೋಡೆಯ ಹೊರಗೆ ಉಳಿದಿದ್ದರೆ ಅದನ್ನು ಕಂಡೂ ಕಾಣದಂತೆ ಹೋಗಬೇಡಿರಿ. ನಿಮ್ಮ ಹಿರಿಯರಿಗೆ, ಗುರುಗಳಿಗೆ ತಿಳಿಸಿರಿ. ನೀವು ನಿಶ್ಚಿಂತೆಯಿಂದ ಕುಳಿತಿರುವ ಆ ಬೆಂಚನ್ನು ಬಡಗಿಯೊಬ್ಬನೇ ಮಾಡಿದ್ದಲ್ಲ. ಬಿಸಿಲಿನಲ್ಲಿ ನಿಂತು ಚಹ ಕುಡಿದವರ ಸಹನೆಯೂ, ಒಳಗೆ ಬಂದು ಕುಳಿತವರ ಧೈರ್ಯವೂ ಸೇರಿ ಅದನ್ನು ಮಾಡಿವೆ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ:
1. ಹಿಂದಿನ ಕಾಲದ ಪ್ರಯಾಣಿಕರು ದಾರಿಯ ಊಟಕ್ಕಾಗಿ ಏನು ಮಾಡುತ್ತಿದ್ದರು?
2. ಸಂವಿಧಾನದ ಯಾವ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ:
1. ಸಣ್ಣ ಊರುಗಳಲ್ಲಿ ಹೋಟೆಲುಗಳು ಹುಟ್ಟಿಕೊಳ್ಳಲು ಕಾರಣಗಳೇನು?
2. ಖಾನಾವಳಿಯ ವೈಶಿಷ್ಟ್ಯವೇನು?

ಇ) ಸಂದರ್ಭವನ್ನು ಸೂಚಿಸಿ ವಿವರಿಸಿರಿ:
“ಲೋಟ ಬೇರೆ, ಗಲ್ಲಾಪೆಟ್ಟಿಗೆ ಒಂದೇ!”

ಈ) ನಿಮ್ಮ ಊರಿನ ಹಿರಿಯರೊಬ್ಬರನ್ನು ಕಂಡು, ಅವರ ಬಾಲ್ಯದಲ್ಲಿ ಹೋಟೆಲು ಹೇಗಿತ್ತೆಂದು ಕೇಳಿ ತಿಳಿದು, ಒಂದು ಪುಟದಷ್ಟು ಬರೆಯಿರಿ.