ಮ್ಯಾಶ್: ಮೊದಲು ಯಾವ ಕಂತು ನೋಡಬೇಕು?

ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ನಿದ್ದೆಗೆಟ್ಟು ಕಂಪನಿ ನಾಟಕ ನೋಡಿದವರಿಗೆ ಒಂದು ಮಾತು ಬಿಡಿಸಿ ಹೇಳಬೇಕಾಗಿಲ್ಲ. ಹಾಸ್ಯದ ಪಾತ್ರದವನು ಹೊಟ್ಟೆ ಹುಣ್ಣಾಗುವಂತೆ ನಗಿಸಿ ಒಳಗೆ ಹೋಗುತ್ತಾನೆ, ಮರುಗಳಿಗೆಯೇ ತಾಯಿಯ ಅಳು ಶುರುವಾಗುತ್ತದೆ. ಜನ ಎರಡನ್ನೂ ಮನಸಾರೆ ಅನುಭವಿಸುತ್ತಾರೆ. ಬಾಗಲಕೋಟೆ, ಹುನಗುಂದ, ಇಳಕಲ್ಲಿನ ಕಡೆಯವರಿಗೆ ಈ ರೂಢಿ ಇರುವುದರಿಂದ, 'ಮ್ಯಾಶ್' ಎಂಬ ಅಮೆರಿಕದ ಟಿವಿ ಧಾರಾವಾಹಿ ನಮಗೆ ಬೇಗ ಹಿಡಿಸೀತು ಎಂದು ನನ್ನ ನಂಬಿಕೆ.

ಹಿನ್ನೆಲೆ ಇಷ್ಟು. 1950ರಿಂದ 1953ರವರೆಗೆ ಕೊರಿಯಾದಲ್ಲಿ ಯುದ್ಧ ನಡೆಯಿತು. ರಣರಂಗದ ಹತ್ತಿರವೇ ಡೇರೆ ಹಾಕಿ, ಗಾಯಾಳುಗಳಿಗೆ ಆಪರೇಷನ್ ಮಾಡಿ, ಸೈನ್ಯ ಸರಿದಂತೆ ತಾವೂ ಸರಿಯುವ, 'ಮ್ಯಾಶ್' ಎಂದು ಕರೆಯುತ್ತಿದ್ದ ಸಂಚಾರಿ ಸೇನಾ ಆಸ್ಪತ್ರೆಗಳು ಅಲ್ಲಿದ್ದವು. ಅಲ್ಲಿ ಕೆಲಸ ಮಾಡಿದ್ದ ಒಬ್ಬ ಸರ್ಜನ್, ರಿಚರ್ಡ್ ಹೂಕರ್ ಎಂಬ ಹೆಸರಿಟ್ಟುಕೊಂಡು 1968ರಲ್ಲಿ ಕಾದಂಬರಿ ಬರೆದರು. 1970ರಲ್ಲಿ ಸಿನಿಮಾ ಬಂತು, 1972ರಲ್ಲಿ ಧಾರಾವಾಹಿ. ಮೂರು ವರ್ಷದ ಯುದ್ಧದ ಕಥೆ ಹನ್ನೊಂದು ವರ್ಷ ಓಡಿತು! ಶುರುವಾದಾಗ ವಿಯೆಟ್ನಾಂ ಯುದ್ಧ ಇನ್ನೂ ನಡೆದಿತ್ತು. ಕೊರಿಯಾದ ಹೆಸರಿನಲ್ಲಿ ಯಾವ ಯುದ್ಧದ ಮಾತಾಡುತ್ತಿದ್ದಾರೆಂದು ನೋಡುವವರಿಗೆ ತಿಳಿಯುತ್ತಿತ್ತು.

ಪಾತ್ರಗಳೆಲ್ಲ ಒಮ್ಮೆಲೇ ನೆನಪಿರಬೇಕೆಂದಿಲ್ಲ. ಸದ್ಯಕ್ಕೆ ಮೂವರು ಸಾಕು: ಬಾಯಿ ಚುರುಕು, ಕೈ ಅದಕ್ಕಿಂತ ಚುರುಕಾದ ಡಾಕ್ಟರ್ ಹಾಕ್‌ಐ (ನಟ ಅಲನ್ ಆಲ್ಡಾ), ಮೆತ್ತನೆಯ ಮೇಲಧಿಕಾರಿ ಹೆನ್ರಿ ಬ್ಲೇಕ್, ಮತ್ತು ಪದವಿಯ ಹಮ್ಮಿನ, ಕೈಗುಣ ಕಮ್ಮಿಯ ಫ್ರ್ಯಾಂಕ್ ಬರ್ನ್ಸ್.

ಮೊದಲ ಸೀಸನ್ನಿನ ಹದಿನೇಳನೆಯ ಕಂತಿನಿಂದ ಶುರು ಮಾಡಿ. 1973ರ ಜನವರಿಯಲ್ಲಿ ಪ್ರಸಾರವಾದದ್ದು. ಹಾಕ್‌ಐನ ಹಳೆಯ ಗೆಳೆಯ ಟಾಮಿ ಶಿಬಿರಕ್ಕೆ ಬರುತ್ತಾನೆ. ಅವನು ಪತ್ರಕರ್ತ, ಯುದ್ಧವನ್ನು ಸಿಪಾಯಿಯ ಕಣ್ಣಿನಿಂದಲೇ ಬರೆಯಬೇಕೆಂದು ತಾನೇ ಕಾಲಾಳು ಪಡೆ ಸೇರಿದ್ದಾನೆ. ಕುಡಿತ, ಕುಚೇಷ್ಟೆ, ನಗು. ಇತ್ತ ಫ್ರ್ಯಾಂಕ್ ಡಾನ್ಸ್ ಮಾಡಲು ಹೋಗಿ ಸೊಂಟ ಉಳುಕಿಸಿಕೊಂಡು, ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪದಕಕ್ಕೆ ಅರ್ಜಿ ಹಾಕುತ್ತಾನೆ. ಇನ್ನೊಂದು ಹಾಸಿಗೆಯಲ್ಲಿ ವಯಸ್ಸು ಮುಚ್ಚಿಟ್ಟು, ಅಣ್ಣನ ಹೆಸರಿನಲ್ಲಿ ಸೈನ್ಯ ಸೇರಿದ ಹುಡುಗನಿದ್ದಾನೆ. ಪದಕ ಗೆದ್ದು ಊರಿನ ಹುಡುಗಿಯ ಮನಸ್ಸು ಗೆಲ್ಲುವುದು ಅವನ ಆಸೆ. ಗುಟ್ಟು ಯಾರಿಗೂ ಹೇಳುವುದಿಲ್ಲ ಎಂದು ಹಾಕ್‌ಐ ಮಾತು ಕೊಟ್ಟಿರುತ್ತಾನೆ.

ಆಮೇಲೆ ಟಾಮಿ ಮತ್ತೆ ಬರುತ್ತಾನೆ, ಸ್ಟ್ರೆಚರ್ ಮೇಲೆ. ಹಾಕ್‌ಐ ಆಪರೇಷನ್ ಮಾಡುತ್ತಿರುವಾಗಲೇ ಜೀವ ಹೋಗುತ್ತದೆ. ಎಷ್ಟೋ ಹುಡುಗರು ಸಾಯುವುದನ್ನು ನೋಡಿ ಅಳದಿದ್ದ ಡಾಕ್ಟರ್ ಈಗ ಅಳುತ್ತಾನೆ. ಯುದ್ಧದಲ್ಲಿ ಎಳೆಯರು ಸಾಯುತ್ತಾರೆ, ಅದನ್ನು ಡಾಕ್ಟರುಗಳು ತಪ್ಪಿಸಲಾರರು ಎಂದು ಬ್ಲೇಕ್ ಸಮಾಧಾನ ಹೇಳುತ್ತಾನೆ. ಹಾಕ್‌ಐ ನೇರ ಹೋಗಿ ಆ ಹುಡುಗನ ಗುಟ್ಟು ರಟ್ಟು ಮಾಡಿ, ಅವನನ್ನು ಊರಿಗೆ ಕಳಿಸುವ ಏರ್ಪಾಡು ಮಾಡುತ್ತಾನೆ. ಹುಡುಗ ಕೆಂಡವಾಗುತ್ತಾನೆ. ಕೊಟ್ಟ ಮಾತು ಮುರಿದದ್ದು ಸರಿಯೋ ತಪ್ಪೋ? ನನ್ನನ್ನು ಕೇಳಿದರೆ ಸರಿ. ಫ್ರ್ಯಾಂಕನ ಪದಕ ಕೊನೆಗೆ ಯಾರ ಕೈ ಸೇರುತ್ತದೆ ಎಂಬುದನ್ನು ನೀವೇ ನೋಡಿ.

ನೋಡುವಾಗ ಕಿವಿಯನ್ನೂ ತೆರೆದಿಡಿ. ಆ ಕಾಲದ ಹಾಸ್ಯ ಧಾರಾವಾಹಿಗಳಿಗೆ ಮೊದಲೇ ಮುದ್ರಿಸಿಟ್ಟ ನಗುವಿನ ಸದ್ದು ಸೇರಿಸುತ್ತಿದ್ದರು. ಇದಕ್ಕೂ ಸೇರಿಸಲೇಬೇಕೆಂದು ಸಿಬಿಎಸ್ ವಾಹಿನಿ ಹಟ ಹಿಡಿಯಿತು. ನಿರ್ಮಾಪಕರು ಒಪ್ಪಿದರು, ಒಂದು ಷರತ್ತಿನ ಮೇಲೆ: ಆಪರೇಷನ್ ಥಿಯೇಟರಿನ ದೃಶ್ಯಗಳಲ್ಲಿ ಆ ನಗು ಬೇಡ. ಅಲ್ಲಿಯೂ ಡಾಕ್ಟರುಗಳು ಜೋಕು ಹಾರಿಸುತ್ತಲೇ ಇರುತ್ತಾರೆ, ಆದರೆ ನಗುವವರಿಲ್ಲ. ಧಾರಾವಾಹಿಯ ಮರ್ಮವೆಲ್ಲ ಅಲ್ಲಿದೆ. ಅವರು ಜೋಕು ಮಾಡುವುದು ನಮ್ಮನ್ನು ನಗಿಸಲಿಕ್ಕಲ್ಲ, ಕೈ ನಡುಗದಿರಲಿ ಎಂದು.

ಇದೆಲ್ಲ ಅಮೆರಿಕದವರ ಕಥೆ, ನಮಗೇನು ಎನ್ನಬೇಡಿ. ನೆಹರೂ ಸರ್ಕಾರ ಕೊರಿಯಾಕ್ಕೆ ಕಾದಾಡುವ ಪಡೆ ಕಳಿಸಲಿಲ್ಲ, ಡಾಕ್ಟರುಗಳನ್ನು ಕಳಿಸಿತು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನೇತೃತ್ವದ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ 1950ರ ಕೊನೆಗೆ ಅಲ್ಲಿಗೆ ಹೋಯಿತು. ಅದೇ ಡಿಸೆಂಬರಿನಲ್ಲಿ ಪ್ಯೊಂಗ್‌ಯಾಂಗ್ ಬಿಟ್ಟು ಹಿಂದೆ ಸರಿಯಬೇಕಾದಾಗ ಸಾಮಾನು ಸಾಗಿಸಲು ಗಾಡಿಯಿಲ್ಲ. ಔಷಧಿ, ಉಪಕರಣ ಬಿಟ್ಟುಹೋದರೆ ಮುಂದೆ ಮಾಡುವುದೇನು? ಹುಡುಕಿದಾಗ ಒಂದು ಉಗಿಬಂಡಿಯ ಎಂಜಿನ್ ಸಿಕ್ಕಿತು. ಬಕೆಟ್ಟುಗಳಲ್ಲಿ ನೀರು ಹೊತ್ತು ಬಾಯ್ಲರ್ ತುಂಬಿಸಿದರು. ಎಂಜಿನ್ ಓಡಿಸಲು ಬಲ್ಲವರು ಅವರಲ್ಲೇ ಇದ್ದರು. ಆಸ್ಪತ್ರೆಯನ್ನೇ ರೈಲಿಗೆ ಹೇರಿ ಸೋಲ್ ಮುಟ್ಟಿಸಿದರು. ಮ್ಯಾಶ್ ಬರೆದವರಿಗೂ ಹೊಳೆಯದ ಪ್ರಸಂಗ! 1951ರ ಮಾರ್ಚಿನಲ್ಲಿ ಇದೇ ಘಟಕದ ಕೆಲವರು ಅಮೆರಿಕದ ಸೈನಿಕರ ಜೊತೆ ಮುನ್ಸಾನ್‌ನಲ್ಲಿ ಪ್ಯಾರಾಚೂಟಿನಿಂದ ಜಿಗಿದರು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಸಂದಿತು. ಯುದ್ಧ ನಿಂತ ಮೇಲೆ ಕೈದಿಗಳ ಹಸ್ತಾಂತರದ ತಟಸ್ಥ ಆಯೋಗಕ್ಕೆ ಅಧ್ಯಕ್ಷರಾಗಿ ಹೋದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ.

ಒಂದು ಎಚ್ಚರಿಕೆ: ಮೊದಲ ಕಂತುಗಳಲ್ಲಿ ನರ್ಸುಗಳನ್ನು ಕುರಿತ ಹಾಸ್ಯ ಹಲವು ಕಡೆ ಕೀಳಾಗಿದೆ, ಅದನ್ನು ಮೆಚ್ಚಬೇಕಾಗಿಲ್ಲ. ಮಾತಿನ ವೇಗ ಹೆಚ್ಚು, ಅಡಿಬರಹ ಹಾಕಿಕೊಂಡು ನೋಡಿ. ಈ ಕಂತು ಹಿಡಿಸಿದರೆ ಮೂರನೇ ಸೀಸನ್ನಿನ ಕೊನೆಯ ಕಂತಿಗೆ ಹೋಗಿ. ಅದರ ಕಡೆಯ ದೃಶ್ಯದಲ್ಲಿ ಏನಾಗುತ್ತದೆಂದು ಯಾರಾದರೂ ಮೊದಲೇ ಹೇಳಲು ಬಂದರೆ ಕಿವಿ ಮುಚ್ಚಿಕೊಳ್ಳಿ.